ಸಂಗೀತೋತ್ಸವ ಮತ್ತು ಹಿಂದಿನ ಸಾಲಿನ ಕೇಳುಗರು

ಶಾಸ್ತ್ರೀಯ ಸಂಗೀತದ ಉತ್ಸವಕ್ಕೆ ಕರೆದರೆ ಹಿಂದೇಟು ಹಾಕುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರೇನೂ ಹಾಡು ಕೇಳದವರಲ್ಲ. ರೇಡಿಯೋದಲ್ಲಿ ರಫಿಯನ್ನೋ ಪಿ.ಬಿ. ಶ್ರೀನಿವಾಸರನ್ನೋ ಕೇಳುತ್ತ ಬೆಳೆದವರು, ಉರುಸಿನಲ್ಲಿ ಕವ್ವಾಲಿಗೆ ಬೆಳಗಿನ ತನಕ ಕೂತವರು, ಊರಿನ ಭಜನೆಗೆ ತಾಳ ಹಾಕಿದವರು, ಬಯಲಾಟ ನೋಡಿ ನಿದ್ದೆಗೆಟ್ಟವರು ಅವರಲ್ಲಿದ್ದಾರೆ. ಆದರೆ ಸಂಗೀತೋತ್ಸವ ಎಂದ ಕೂಡಲೇ ಅವರ ಮಾತಿನ ಧಾಟಿ ಬದಲಾಗುತ್ತದೆ. 'ನಮಗೆ ರಾಗ ಗೀಗ ತಿಳಿಯುವುದಿಲ್ಲ' ಎನ್ನುತ್ತಾರೆ. 'ಅಷ್ಟು ಹೊತ್ತು ಯಾರು ಕೂರುತ್ತಾರೆ' ಎನ್ನುತ್ತಾರೆ. ಇನ್ನೂ ಸ್ವಲ್ಪ ಬಿಡಿಸಿ ಕೇಳಿದರೆ, 'ಅಲ್ಲಿಗೆ ಬರುವ ಮಂದಿಯೇ ಬೇರೆ' ಎಂಬ ಮಾತು ಹೊರಬರುತ್ತದೆ.

ಇದನ್ನು ಅಭಿರುಚಿಯ ಕೊರತೆ ಎಂದು ತಳ್ಳಿಹಾಕುವುದು ಸುಲಭ. ಸಂಗೀತಪ್ರೇಮಿಗಳು ಸಾಮಾನ್ಯವಾಗಿ ಹಾಗೆಯೇ ಮಾಡುತ್ತಾರೆ. ಆದರೆ ಈ ಮೂರು ಮಾತುಗಳ ಒಳಗೆ ಮೂರು ಪ್ರಶ್ನೆಗಳಿವೆ. ಒಂದು ತಿಳಿವಳಿಕೆಯದು, ಇನ್ನೊಂದು ಸಮಯದ್ದು, ಮತ್ತೊಂದು ಒಡೆತನದ್ದು. ಉತ್ಸವವೊಂದು ಈ ಪ್ರಶ್ನೆಗಳಿಗೆ ಏನು ಉತ್ತರ ಕೊಡುತ್ತದೆ ಎಂಬುದರ ಮೇಲೆ ಅದರ ಯೋಗ್ಯತೆಯನ್ನು ಅಳೆಯಬೇಕೆಂದು ನಮಗೆ ತೋರುತ್ತದೆ. ವೇದಿಕೆಯ ಮೇಲೆ ಎಷ್ಟು ದೊಡ್ಡವರು ಹಾಡಿದರು ಎಂಬುದು ಅರ್ಧ ಲೆಕ್ಕ ಮಾತ್ರ. ಒಲ್ಲದ ಮನಸ್ಸಿನಿಂದ ಬಂದು ಹಿಂದಿನ ಸಾಲಿನಲ್ಲಿ ಕೂತವರು ಎದ್ದು ಹೋದರೋ, ಉಳಿದರೋ ಎಂಬುದು ಉಳಿದರ್ಧ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉತ್ಸವವನ್ನು ಹಿಡಿದು ನೋಡೋಣ. ಪುಣೆಯಲ್ಲಿ ಪ್ರತಿ ಡಿಸೆಂಬರಿನಲ್ಲಿ ನಡೆಯುವ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಹಿಂದೂಸ್ತಾನಿ ಸಂಗೀತದ ಅತಿ ದೊಡ್ಡ ಉತ್ಸವಗಳಲ್ಲಿ ಒಂದು. ನಡೆಯುವುದು ಮರಾಠಿ ನೆಲದಲ್ಲಾದರೂ ಅದರ ಹೆಸರಿನಲ್ಲಿರುವ ಇಬ್ಬರೂ ನಮ್ಮ ಧಾರವಾಡ ಸೀಮೆಯವರು. ಸವಾಯಿ ಗಂಧರ್ವ ಎಂದರೆ ಹುಬ್ಬಳ್ಳಿ ಪಕ್ಕದ ಕುಂದಗೋಳದ ರಾಮಭಾವು. ಅವರು 1886ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಅವರ ಮೊದಲ ಪುಣ್ಯತಿಥಿಗೆ ಶಿಷ್ಯರಾದ ಭೀಮಸೇನ ಜೋಶಿ ಮತ್ತು ಸಂಗಡಿಗರು ಪುಣೆಯಲ್ಲಿ ಒಂದು ಸಣ್ಣ ಸಂಗೀತ ಸಭೆ ಏರ್ಪಡಿಸಿದರು. ಗದಗಿನ ಭೀಮಸೇನರು ಅದನ್ನು ದಶಕಗಳ ಕಾಲ ಮುಂದೆ ನಿಂತು ನಡೆಸಿದರು. 2011ರಲ್ಲಿ ಅವರು ತೀರಿಕೊಂಡ ಮೇಲೆ ಉತ್ಸವದ ಹೆಸರಿಗೆ ಅವರ ಹೆಸರೂ ಸೇರಿತು.

ಈ ಇಬ್ಬರಿಗೂ ಹಿಂದೆ ಮೂರನೆಯ ಹೆಸರೊಂದಿದೆ. ಅದು ಉಸ್ತಾದ್ ಅಬ್ದುಲ್ ಕರೀಂ ಖಾನರದು. ಉತ್ತರಪ್ರದೇಶದ ಕಿರಾನಾದಲ್ಲಿ 1872ರಲ್ಲಿ ಹುಟ್ಟಿದ ಅವರು ದಕ್ಷಿಣಕ್ಕೆ ಬಂದು ಇಲ್ಲಿಯವರೇ ಆಗಿಬಿಟ್ಟರು. ಮೈಸೂರು ಅರಮನೆಯಲ್ಲಿ ಹಾಡಿದರು. ಹುಬ್ಬಳ್ಳಿ ಧಾರವಾಡಗಳಲ್ಲಿ ಬೀಡುಬಿಟ್ಟರು. ಕರ್ನಾಟಕ ಸಂಗೀತದವರಿಂದ ಸ್ವರ ಹಾಡುವ ಕ್ರಮವನ್ನು ಕಲಿತು ತಮ್ಮ ಗಾಯನಕ್ಕೆ ಬೆರೆಸಿಕೊಂಡರು. ಕುಂದಗೋಳದ ಹುಡುಗ ರಾಮಭಾವು ಅವರಲ್ಲಿ ವರ್ಷಗಟ್ಟಲೆ ಕಲಿತರು. ರಾಮಭಾವು ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಮೊದಲಾದವರು ಕಲಿತರು. ಗದಗಿನ ಹುಡುಗ ಭೀಮಸೇನ ಅಂಗಡಿಯಲ್ಲಿ ಹಾಕಿದ್ದ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾದುದು, 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದುದು ನಾಡಿಗೆಲ್ಲ ಗೊತ್ತಿರುವ ಕತೆ. ಒಬ್ಬ ಮುಸ್ಲಿಂ ಉಸ್ತಾದ, ಒಬ್ಬ ಬ್ರಾಹ್ಮಣ ಶಿಷ್ಯ, ಆ ಶಿಷ್ಯನಿಗೆ ದೇವದಾಸಿ ಪರಂಪರೆಯ ಮನೆತನದ ಒಬ್ಬ ಶಿಷ್ಯೆ, ಒಬ್ಬ ಪಾರ್ಸಿ ಶಿಷ್ಯ. ಉತ್ಸವ ಹುಟ್ಟಿದ್ದು ಇಂಥ ಬಳಗದಲ್ಲಿ.

ಗುರು ತೀರಿಕೊಂಡ ದಿನ ಶಿಷ್ಯರು ಸೇರಿ ಹಾಡುವುದು ಹಿಂದೂಸ್ತಾನಿ ಸಂಗೀತಗಾರರಲ್ಲಿ ಬಹಳ ಹಳೆಯ ರೂಢಿ. ಅದನ್ನು ಬರ್ಸಿ ಎನ್ನುತ್ತಾರೆ. ಉರುಸಿಗೂ ಬರ್ಸಿಗೂ ನೆಂಟಸ್ತಿಕೆ ಇದೆ. ಎರಡರಲ್ಲೂ ಸಾವಿನ ದಿನವೇ ಕೂಡುವ ದಿನವಾಗುತ್ತದೆ. ಎರಡರಲ್ಲೂ ಬಂದವರು ಹೊತ್ತು ನೋಡದೆ ಕೂರುತ್ತಾರೆ. ಉರುಸಿಗೆ ಬಂದವರನ್ನು 'ನಿಮಗೆ ಫಾರ್ಸಿ ತಿಳಿಯುತ್ತದೆಯೇ' ಎಂದು ಯಾರೂ ಬಾಗಿಲಲ್ಲಿ ನಿಲ್ಲಿಸಿ ಕೇಳುವುದಿಲ್ಲ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುತ್ತ ಬಂದ ಅಹೋರಾತ್ರಿ ಸಂಗೀತದ ಗುಣವೂ ಇಂಥದೇ. ದೊಡ್ಡ ನಗರದ ಟಿಕೆಟಿನ ಉತ್ಸವದಲ್ಲಿ ಈ ಗುಣ ಎಷ್ಟು ಉಳಿದಿದೆ ಎಂದು ಕೇಳುವ ಹಕ್ಕು ನಮಗಿದೆ.

ಮೊದಲು ಸಮಯದ ಪ್ರಶ್ನೆಗೆ ಬರೋಣ. ಪುಣೆಯ ಉತ್ಸವ ಬಹುಕಾಲ ರಾತ್ರಿಯಿಡೀ ನಡೆಯುತ್ತಿತ್ತು. 2000ರ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ತಡೆ ಹಾಕಿದವು. ಸುಪ್ರೀಂ ಕೋರ್ಟು 2005ರ ತೀರ್ಪಿನಲ್ಲಿ ಇದನ್ನು ಬಿಗಿಗೊಳಿಸಿತು. ಹಬ್ಬ ಉತ್ಸವಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರವರೆಗೆ ರಿಯಾಯಿತಿ ಕೊಡುವ ಅಧಿಕಾರ ಮಾತ್ರ ರಾಜ್ಯ ಸರ್ಕಾರಗಳಿಗೆ ಇದೆ. ಹೀಗಾಗಿ ಮೂರು ರಾತ್ರಿಗಳ ಉತ್ಸವ ಹೆಚ್ಚು ದಿನಗಳ ಸಂಜೆಗಳಿಗೆ ಹರಡಿಕೊಂಡಿತು. ಹಳೆಯ ಕೇಳುಗರು ಇದನ್ನು ದೊಡ್ಡ ನಷ್ಟವೆಂದು ಹೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹಿಂದೂಸ್ತಾನಿ ರಾಗಗಳಿಗೆ ಹೊತ್ತು ಗೊತ್ತುಗಳಿವೆ. ಹೊತ್ತು ಮುಳುಗುವಾಗ ಮಾರ್ವಾ, ದೀಪ ಹಚ್ಚಿದ ಮೇಲೆ ಯಮನ್, ರಾತ್ರಿ ಏರಿದಂತೆ ಬಾಗೇಶ್ರೀ, ದರ್ಬಾರಿ, ಮಾಲಕಂಸ, ಕತ್ತಲು ಹರಿಯುವಾಗ ಲಲಿತ. ರಾತ್ರಿಯೇ ಇಲ್ಲದ ಉತ್ಸವದಲ್ಲಿ ರಾಗಗಳ ಈ ಮೆರವಣಿಗೆ ನಡುವೆಯೇ ತುಂಡಾಗುತ್ತದೆ.

ಆದರೆ ರಾತ್ರಿಯಿಡೀ ಕೂರುವ ಭಾಗ್ಯ ಯಾರಿಗಿತ್ತು ಎಂಬುದನ್ನೂ ಕೇಳಬೇಕು. ಮರುದಿನ ಕೂಲಿಗೆ ಹೋಗಬೇಕಾದವರಿಗೆ ಅದು ಇರಲಿಲ್ಲ. ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬರಲಾಗದ, ನಡುರಾತ್ರಿ ಒಬ್ಬರೇ ಮರಳಲಾಗದ ಹೆಂಗಸರಲ್ಲಿ ಹೆಚ್ಚಿನವರಿಗೂ ಇರಲಿಲ್ಲ. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಪಾಠ ಕಲಿತವರು. ಹಾಡುವ ಹೆಣ್ಣೆಂದು ಆಡಿಕೊಂಡವರ ಮಾತುಗಳನ್ನು ಕೇಳಿಸಿಕೊಂಡೇ ಅವರು ಕಲಿಯಬೇಕಾಯಿತು. ಕರೀಂ ಖಾನರ ಮಗಳು ಹೀರಾಬಾಯಿ ಬಡೋದೆಕರ್ ಟಿಕೆಟ್ ಇಟ್ಟು ಸಾರ್ವಜನಿಕ ಸಭೆಯಲ್ಲಿ ಹಾಡಿದ ಮೊದಮೊದಲ ಮಹಿಳೆಯರಲ್ಲಿ ಒಬ್ಬರು. ಶ್ರೀಮಂತರ ದಿವಾನಖಾನೆಯಲ್ಲಿದ್ದ ಹೆಣ್ಣುದನಿ ಹೀಗೆ ಸಭೆಗೆ ಬಂದಿತು. ಹಾಡುವ ಹೆಣ್ಣು ವೇದಿಕೆ ಏರಿದ ಮೇಲೂ ಕೇಳುವ ಹೆಣ್ಣು ಮನೆಯಲ್ಲೇ ಉಳಿದರೆ ಆ ಬದಲಾವಣೆ ಅರ್ಧಕ್ಕೇ ನಿಂತಂತೆ. ಸಂಜೆಗೆ ಸರಿದ ಉತ್ಸವದಲ್ಲಿ ಮಾಲಕಂಸ ಕಡಿಮೆಯಾಗಿರಬಹುದು. ತಾಯಂದಿರು, ಕಾಲೇಜು ಹುಡುಗಿಯರು ಬಂದು ಹೋಗಲು ದಾರಿ ಸುಲಭವಾಗಿದೆ. ನಷ್ಟದ ಲೆಕ್ಕ ಬರೆಯುವವರು ಇದನ್ನೂ ಬರೆದುಕೊಳ್ಳಬೇಕು.

ಇನ್ನು ತಿಳಿವಳಿಕೆಯ ಪ್ರಶ್ನೆ. ರಾಗದ ಹೆಸರು ಗೊತ್ತಿಲ್ಲದವರು ಉತ್ಸವದಲ್ಲಿ ಕೂತು ಮಾಡುವುದೇನು? ನಮ್ಮಲ್ಲಿ ಬಹುತೇಕರ ಕಿವಿ ತಯಾರಾದದ್ದು ಮೂರು ನಾಲ್ಕು ನಿಮಿಷದ ಹಾಡುಗಳಿಂದ. ಅದು ಗ್ರಾಮಫೋನ್ ತಟ್ಟೆ ಕೊಟ್ಟ ಅಳತೆ. ಹಳೆಯ 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದೇ ಅಷ್ಟು. ಸಿನಿಮಾ ಹಾಡು ಆ ಅಳತೆಯನ್ನೇ ಒಪ್ಪಿಕೊಂಡಿತು. ಅಂಥ ಕಿವಿಯ ಮುಂದೆ ಗಾಯಕರೊಬ್ಬರು ಹತ್ತು ನಿಮಿಷವಾದರೂ ಎರಡು ಮೂರು ಸ್ವರಗಳ ಸುತ್ತಲೇ ತಿರುಗುತ್ತಿದ್ದರೆ 'ಹಾಡು ಯಾವಾಗ ಶುರುವಾಗುತ್ತದೆ' ಎನ್ನಿಸುವುದು ಸಹಜ. ಅದರಲ್ಲೂ ಕಿರಾನಾ ಘರಾಣೆಯವರು ನಿಧಾನಕ್ಕೆ ಹೆಸರಾದವರು. ಒಂದೊಂದೇ ಸ್ವರವನ್ನು ಹಿಡಿದು, ಅದರ ಮೇಲೆ ನಿಂತು, ಅದರ ಇಂಪನ್ನೆಲ್ಲ ತೋರಿಸಿದ ಮೇಲೆಯೇ ಮುಂದಿನ ಸ್ವರಕ್ಕೆ ಹೋಗುವುದು ಅವರ ಕ್ರಮ. ಷಡ್ಜದಿಂದ ಹೊರಟವರು ಮೇಲಿನ ಷಡ್ಜ ಮುಟ್ಟಲು ಅರ್ಧ ಗಂಟೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ.

ಇದನ್ನು ಅನುಭವಿಸಲು ಪಾಂಡಿತ್ಯ ಬೇಕಿಲ್ಲ. ಒಂದೆರಡು ಆಸರೆ ಸಾಕು. ಮೊದಲ ಆಸರೆ ತಂಬೂರಿ. ಅದು ಬಿಡದೆ ಮೀಟುತ್ತಿರುವ ಷಡ್ಜವನ್ನು ಕಿವಿ ಹಿಡಿದುಕೊಂಡರೆ, ಗಾಯಕರು ಅದರಿಂದ ಎಷ್ಟು ದೂರ ಹೋದರು, ಯಾವಾಗ ಮರಳಿದರು ಎಂಬುದು ತಾನಾಗಿ ತಿಳಿಯತೊಡಗುತ್ತದೆ. ಎರಡನೆಯ ಆಸರೆ ತಾಳದ ಸಮ್. ವಿಲಂಬಿತ ಏಕತಾಲದಲ್ಲಿ 12 ಮಾತ್ರೆಗಳಿರುತ್ತವೆ. ಬಹಳ ನಿಧಾನ ಹಾಡುವವರಲ್ಲಿ ಒಂದು ಸುತ್ತು ಮುಗಿಯಲು ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಆ ಸುತ್ತಿನಲ್ಲಿ ಗಾಯಕರು ಎಲ್ಲೆಲ್ಲೋ ಅಲೆದು, ಇನ್ನೇನು ಕೈತಪ್ಪಿತು ಎನ್ನುವಾಗ, ಬಂದಿಶಿನ ಅದೇ ಮಾತನ್ನು ಹಿಡಿದು ಮೊದಲ ಮಾತ್ರೆಗೆ ಬಂದು ನಿಲ್ಲುತ್ತಾರೆ. ತಬಲಾದವರ ತಲೆ, ಗಾಯಕರ ಕೈ, ಮುಂದಿನ ಸಾಲಿನವರ ಭುಜ ಒಟ್ಟಿಗೆ ಅಲುಗುತ್ತವೆ. ನಾಲ್ಕಾರು ಸಲ ಇದನ್ನು ನೋಡಿದವರು ಐದನೆಯ ಸಲ ತಾವೇ ಕಾಯತೊಡಗುತ್ತಾರೆ. ಹೀಗೆ ಕಾಯಲು ಬಂದರೆ ಅರ್ಧ ಸಂಗೀತ ಬಂದಂತೆಯೇ. ಕವ್ವಾಲಿಯಲ್ಲಿ ಪಲ್ಲವಿಯ ಸಾಲು ಮರಳುವುದನ್ನು ಕಾದವರಿಗೆ, ಯಕ್ಷಗಾನದಲ್ಲಿ ಚೆಂಡೆಯ ಮುಕ್ತಾಯಕ್ಕೆ ಕಾದವರಿಗೆ ಈ ಕಾಯುವಿಕೆ ಹೊಸದೂ ಅಲ್ಲ.

ಉತ್ಸವವೆಂಬ ಏರ್ಪಾಡು ಇಂಥ ಕಲಿಕೆಗೆ ಅನುಕೂಲವಾಗಿರುವುದನ್ನು ನಾವು ಕಂಡಿದ್ದೇವೆ. ಮುಚ್ಚಿದ ಸಭಾಂಗಣದ ಎರಡು ಗಂಟೆಯ ಕಛೇರಿಯಲ್ಲಿ ಒಮ್ಮೆ ಕೂತರೆ ಏಳುವಂತಿಲ್ಲ, ಕೆಮ್ಮುವಂತಿಲ್ಲ. ಪುಣೆಯ ಚಪ್ಪರದಲ್ಲಿ ನೆಲದ ಮೇಲೆ ಹಾಸಿದ ಜಾಗವಿರುತ್ತದೆ. ಬೇಸರವಾದರೆ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬರಬಹುದು. ಹೊರಗೆ ನಿಂತಾಗಲೂ ದನಿ ಕೇಳುತ್ತಿರುತ್ತದೆ. ಎಷ್ಟೋ ಸಲ ಒಳಗೆ ಕೂತು ಕಿವಿಗೊಟ್ಟಾಗ ಹತ್ತದ ರಾಗ, ಹೊರಗೆ ಚಹಾದ ಲೋಟ ಹಿಡಿದಾಗ ಹತ್ತಿಬಿಡುತ್ತದೆ. ಒಂದೇ ಸಂಜೆ ಮೂವರು ನಾಲ್ವರು ಹಾಡುವುದರಿಂದ ಒಬ್ಬರ ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟು ನೋಡಬಹುದು. ಸ್ವರದ ಮೇಲೆ ನಿಲ್ಲುವ ಕಿರಾನಾದವರನ್ನು ಕೇಳಿದ ಮೇಲೆ, ಲಯದೊಡನೆ ಹೆಣೆದುಕೊಂಡು ಬಳುಕುತ್ತ ಸಾಗುವ ಜೈಪುರ ಅತ್ರೌಲಿಯವರನ್ನು ಕೇಳಿದರೆ, ಘರಾಣೆ ಎಂಬ ಮಾತಿನ ಅರ್ಥವನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಿವಿಯೇ ಹೇಳಿಕೊಡುತ್ತದೆ. ಮೂರು ಸಂಜೆ ಕೂತವರಿಗೆ ಇಬ್ಬರು ಗಾಯಕರು ಮಾತ್ರ ಹಿಡಿಸಿದರೂ ಉತ್ಸವ ಸಾರ್ಥಕ. ಎಲ್ಲವೂ ಹಿಡಿಸಿತು ಎನ್ನುವವರ ಬಗ್ಗೆ ನಮಗೆ ಸ್ವಲ್ಪ ಅನುಮಾನವೇ.

ಹಾಗೆಂದು ಈ ಉತ್ಸವಗಳಲ್ಲಿ ಎಲ್ಲವೂ ಸರಿಯಿದೆಯೆಂದು ಹೇಳಲಾಗದು. ಸಭೆ ದೊಡ್ಡದಾದಷ್ಟೂ ಸಂಗೀತದ ಮೇಲೆ ಅದರ ಒತ್ತಡ ಹೆಚ್ಚುತ್ತದೆ. ಸಾವಿರಾರು ಜನರ ಮುಂದೆ ಕೂತ ಗಾಯಕರಿಗೆ ವೇಗದ ತಾನಿಗೆ ಬೀಳುವ ಚಪ್ಪಾಳೆ ಬೇಗ ಕೇಳಿಸುತ್ತದೆ. ನಿಧಾನದ ಸ್ವರಕ್ಕೆ ಸಿಗುವ ಮೌನ ವೇದಿಕೆಯವರೆಗೆ ತಲುಪುವುದು ಕಷ್ಟ. ತಬಲಾ ಮತ್ತು ಸಿತಾರ್ ಸವಾಲ್ ಜವಾಬಿಗೆ ಇಳಿದರಂತೂ ಸಭೆ ಪಂದ್ಯದ ಮೈದಾನವಾಗುತ್ತದೆ. ಗಾಯಕರಿಗೆ ಇಷ್ಟೇ ನಿಮಿಷವೆಂದು ಹಂಚಿಟ್ಟಾಗ ಮೊದಲು ಮೊಟಕಾಗುವುದು ವಿಲಂಬಿತವೇ. ಇದರ ಮೇಲೆ ಸನ್ಮಾನ, ಶಾಲು, ಫಲಕ, ಪ್ರಾಯೋಜಕರ ಗುಣಗಾನಗಳು. ನಮ್ಮ ಕಡೆಯ ಉತ್ಸವಗಳಲ್ಲಂತೂ ಹಾಡಿಗಿಂತ ಭಾಷಣ ಉದ್ದವಾದ ಸಂಜೆಗಳನ್ನು ನಾವು ಬೇಕಾದಷ್ಟು ಕಳೆದಿದ್ದೇವೆ. ತಂಬೂರಿ ಶ್ರುತಿ ಮಾಡಿಕೊಂಡು ಕೂತ ಕಲಾವಿದರು ಗಣ್ಯರ ಮಾತು ಮುಗಿಯುವುದನ್ನು ಕಾಯುವುದಕ್ಕಿಂತ ಪೇಚಿನ ನೋಟ ಇನ್ನೊಂದಿಲ್ಲ. ಒಲ್ಲದ ಮನಸ್ಸಿನವರು ಉತ್ಸವ ಬಿಟ್ಟು ಎದ್ದು ಹೋಗುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ. ಅದು ಸಂಗೀತಕ್ಕೆ ಬೆನ್ನು ಮಾಡಿದ್ದಲ್ಲ. ಅವರ ವಿಮರ್ಶೆ ಅದು.

ಉಳಿದದ್ದು ಒಡೆತನದ ಪ್ರಶ್ನೆ. 'ಅಲ್ಲಿಗೆ ಬರುವ ಮಂದಿಯೇ ಬೇರೆ' ಎಂಬ ಮಾತನ್ನು ನಮ್ಮ ಮೊಹಲ್ಲಾಗಳಲ್ಲಿ ಹೆಚ್ಚಾಗಿ ಕೇಳುತ್ತೇವೆ. ದಲಿತ ಕೇರಿಗಳಲ್ಲೂ ಇದನ್ನೇ ಕೇಳಬಹುದು. ಮುಂದಿನ ಸಾಲಿನ ಸೀರೆ, ಜುಬ್ಬಾ, ಮಾತಿನ ವರಸೆ ಒಂದು ವರ್ಗದ ಗುರುತಾಗಿರುವುದು ಸುಳ್ಳಲ್ಲ. ಸಂಗೀತ ಸಲ್ಲುತ್ತದೆಯೋ ಇಲ್ಲವೋ ಎಂಬ ಧಾರ್ಮಿಕ ಚರ್ಚೆ ಮುಸ್ಲಿಮರಲ್ಲಿ ಹಳೆಯದು. ಅದಕ್ಕೆ ತೀರ್ಪು ಹೇಳುವುದು ಈ ಬರಹದ ಕೆಲಸವಲ್ಲ. ಆದರೆ 'ಇದು ನಮ್ಮದಲ್ಲ' ಎಂಬ ಮಾತಿಗೆ ಚರಿತ್ರೆಯ ಸಮ್ಮತಿ ಇಲ್ಲ ಎಂಬುದನ್ನಂತೂ ಹೇಳಬಹುದು.

ಇದನ್ನು ಕಾಣಲು ಹುಬ್ಬಳ್ಳಿಯಿಂದ ಪುಣೆಗೆ ಹೋಗುವ ರೈಲು ದಾರಿಯಲ್ಲಿ ಮೀರಜಿನಲ್ಲಿ ಇಳಿಯಬೇಕು. ಅಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. 1937ರಲ್ಲಿ ಪಾಂಡಿಚೇರಿಗೆ ಹೊರಟಿದ್ದ ಅವರು ಮದರಾಸಿನ ಸಮೀಪದ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ದೇಹ ಮೀರಜಿಗೆ ಬಂತು. ದರ್ಗಾದ ಉರುಸಿನಲ್ಲಿ ಅವರು ಹಾಡುತ್ತಿದ್ದರು. ಅದೇ ಉರುಸಿನಲ್ಲಿ ಈಗ ಅವರ ನೆನಪಿಗೆ ಸಂಗೀತ ಸಭೆ ನಡೆಯುತ್ತದೆ. ಕಿರಾನಾದವರೂ ಬೇರೆ ಘರಾಣೆಗಳವರೂ ಅಲ್ಲಿ ಬಂದು ಹಾಡುವುದನ್ನು ಹಾಜರಿ ಹಾಕುವುದೆಂದೇ ತಿಳಿಯುತ್ತಾರೆ. ಕೇಳುವವರಲ್ಲಿ ದರ್ಗಾಕ್ಕೆ ಹರಕೆ ಹೊತ್ತು ಬಂದವರು, ಸಕ್ಕರೆ ಹಂಚಲು ಬಂದವರು, ಸಂಗೀತಕ್ಕೆಂದೇ ಬಂದವರು ಬೆರೆತಿರುತ್ತಾರೆ. ಇಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಎಂಬ ಮಾತು ಅಷ್ಟಾಗಿ ನಡೆಯುವುದಿಲ್ಲ.

ಅದೇ ಮೀರಜಿನಲ್ಲಿ ಇನ್ನೊಂದು ಬೀದಿ ಇದೆ. ತಂಬೂರಿ, ಸಿತಾರ್ ಮಾಡುವವರ ಬೀದಿ. ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮುಸ್ಲಿಂ ಕುಟುಂಬಗಳು ಆಯುಧಗಳ ಕಾಲ ಮುಗಿದ ಮೇಲೆ, 19ನೆಯ ಶತಮಾನದಲ್ಲಿ, ವಾದ್ಯ ತಯಾರಿಕೆಗೆ ಇಳಿದವು. ದೊಡ್ಡ ಸೋರೆಬುರುಡೆಯನ್ನು ಒಣಗಿಸಿ, ಮರದ ದಂಡಿಗೆ ಕೂರಿಸಿ, ಕುದುರೆಯನ್ನು ನಯಗೊಳಿಸಿ ನಾದ ಬಿಡಿಸುವ ಕಸುಬು ತಲೆಮಾರುಗಳಿಂದ ಅವರ ಕೈಯಲ್ಲಿದೆ. 2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಎಷ್ಟೋ ಉತ್ಸವಗಳಲ್ಲಿ ಗಾಯಕರ ಬೆನ್ನ ಹಿಂದೆ ನಿಂತಿರುವ ತಂಬೂರಿಗಳು ಈ ಬೀದಿಯಿಂದ ಬಂದವು. ಶಾಲು ಹೊದಿಸುವ ಸಮಾರಂಭದಲ್ಲಿ ಅವುಗಳನ್ನು ಮಾಡಿದವರ ಹೆಸರು ಕೇಳಿಬರುವುದು ಅಪರೂಪ. ಷಡ್ಜ ಕೊಟ್ಟವರನ್ನು ಮರೆತು ರಾಗವನ್ನು ಹೊಗಳಿದಂತೆ ಇದು.

ಇಲ್ಲಿ ಒಂದು ಎಚ್ಚರವೂ ಬೇಕು. ಸಂಗೀತದಲ್ಲಿ ಮುಸ್ಲಿಮರ ಕೊಡುಗೆ ಎಂದು ಹೆಸರುಗಳ ಪಟ್ಟಿ ಮಾಡಿ, ಅದನ್ನು ಈ ನಾಡಿನಲ್ಲಿ ಬದುಕಲು ಪಡೆದ ಪರವಾನಗಿಯಂತೆ ಹಿಡಿದು ತೋರಿಸುವುದು ನಮಗೆ ಒಪ್ಪಿತವಲ್ಲ. ಕರೀಂ ಖಾನರು ಹಾಡಿದ್ದು ಯಾರಿಗೋ ಪ್ರಮಾಣಪತ್ರ ಕೊಡಿಸಲಿಕ್ಕಲ್ಲ. ಅವರ ಮಕ್ಕಳಾದ ಸುರೇಶಬಾಬು ಮಾನೆ ಮತ್ತು ಹೀರಾಬಾಯಿಯವರಲ್ಲಿ ಪ್ರಭಾ ಅತ್ರೆ ಕಲಿತರು. ಭೀಮಸೇನರ ನಂತರದ ವರ್ಷಗಳಲ್ಲಿ ಪುಣೆಯ ಉತ್ಸವದ ಸಮಾರೋಪದಲ್ಲಿ ಅವರ ಗಾಯನ ಕೇಳಿಬರುತ್ತಿತ್ತು. ಅವರು 2024ರ ಜನವರಿಯಲ್ಲಿ ತೀರಿಕೊಂಡರು. ಈ ದಾರಿಯಲ್ಲಿ ಯಾರು ಯಾವ ಧರ್ಮದವರು ಎಂದು ಗೆರೆ ಎಳೆಯಹೊರಟವರ ಕೈಯೇ ಸೋಲುತ್ತದೆ. ಪಟ್ಟಿಗಿಂತ ಹೆಚ್ಚು ಕೆಲಸ ಮಾಡುವುದು ಹಾಜರಿ. ಮೊಹಲ್ಲಾದ ಒಬ್ಬ ಹುಡುಗ, ಒಬ್ಬ ಹುಡುಗಿ ಸಂಜೆ ಎರಡು ತಾಸು ಹಿಂದಿನ ಸಾಲಿನಲ್ಲಿ ಕೂತು ಬಂದರೆ, ಅದರಿಂದ ಆಗುವುದು ನೂರು ಭಾಷಣಗಳಿಂದ ಆಗುವುದಿಲ್ಲ.

ಅವರು ಬಂದು ಕೂರುವಂತೆ ಮಾಡುವ ಹೊಣೆ ಉತ್ಸವ ನಡೆಸುವವರ ಮೇಲಿದೆ. ಕೆಲಸ ದೊಡ್ಡದೇನಲ್ಲ. ಹಾಡುವ ಮೊದಲು ಎರಡೇ ಮಾತಿನಲ್ಲಿ ರಾಗ ಯಾವುದು, ತಾಳ ಯಾವುದು, ಏನನ್ನು ಗಮನಿಸಬಹುದು ಎಂದು ಆ ಊರಿನ ಭಾಷೆಯಲ್ಲಿ ಹೇಳಬಹುದು. ಸನ್ಮಾನಗಳನ್ನು ಒಂದು ಗಂಟೆಯಿಂದ ಹತ್ತು ನಿಮಿಷಕ್ಕೆ ಇಳಿಸಬಹುದು. ನೆಲದ ಮೇಲಿನ ಜಾಗವನ್ನು ಬಡವರ ಕೈಗೆಟಕುವ ದರದಲ್ಲಿ ಉಳಿಸಿಕೊಳ್ಳಬಹುದು. ಕೊನೆಯ ಬಸ್ಸಿನ ಹೊತ್ತು ನೋಡಿ ಸಂಜೆಯನ್ನು ಮುಗಿಸಬಹುದು. ಗಾಯಕರಿಗೆ ಒಂದು ಗಂಟೆ ಪೂರ್ತಿ ಬಿಟ್ಟುಕೊಟ್ಟು, ಹಾಡುವವರ ಸಂಖ್ಯೆಯನ್ನು ಒಂದು ಕಡಿಮೆ ಮಾಡಬಹುದು. ಕೇಳುಗರ ಪಾಲಿಗೆ ಬರುವುದು ಇನ್ನೂ ಕಡಿಮೆ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಬೇಕು, ಹಿಡಿಸದಿದ್ದರೆ ಎದ್ದು ಚಹಾ ಕುಡಿಯಬೇಕು, ಆದರೆ ಮರಳಿ ಬಂದು ಕೂರಬೇಕು.

ಪುಣೆಯ ಉತ್ಸವವನ್ನು ಸವಾಯಿ ಗಂಧರ್ವರ ಒಂದು ಹಳೆಯ ಭೈರವಿ ಧ್ವನಿಮುದ್ರಿಕೆಯನ್ನು ಕೇಳಿಸಿ ಮುಗಿಸುವ ಪದ್ಧತಿಯಿದೆ. ದಿನಗಟ್ಟಲೆ ದೊಡ್ಡ ದೊಡ್ಡವರನ್ನು ಕೇಳಿದ ಸಭೆ ಕೊನೆಗೆ ಕೆಲವೇ ನಿಮಿಷಗಳ, ಕರಕರ ಸದ್ದಿನ ಆ ತಟ್ಟೆಗೆ ಕಿವಿಗೊಡುತ್ತದೆ. ವೇದಿಕೆಯ ಮೇಲೆ ಆಗ ಹಾಡುವವರು ಯಾರೂ ಇರುವುದಿಲ್ಲ. ಶಾಲಿಲ್ಲ, ಫಲಕವಿಲ್ಲ. ಮುಂದಿನ ಸಾಲಿನ ಪಂಡಿತರಿಗೂ ಹಿಂದಿನ ಸಾಲಿನ ಹೊಸಬರಿಗೂ ಆ ದನಿ ಒಂದೇ ದೂರದಿಂದ, ಮುಕ್ಕಾಲು ಶತಮಾನಕ್ಕೂ ಹಿಂದಿನಿಂದ ಬರುತ್ತದೆ. ಅಷ್ಟು ದಿನ ಕೂತ ಮೇಲೆ ಅದು ಹೊಸಬರ ಕಿವಿಗೂ ಅಪರಿಚಿತವಾಗಿ ಕೇಳಿಸುವುದಿಲ್ಲ.